ಕಾನೂನಿನ ಶಿಕ್ಷಣ ಮತ್ತು ಧರ್ಮದ ಋಣ



ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಂಥ ಊರಿನಿಂದ ಒಬ್ಬ ಹುಡುಗನೋ ಹುಡುಗಿಯೋ ವಕೀಲಿ ಓದಬೇಕೆಂದು ಹೊರಟರೆ ಮುಂದೆ ಕಾಣುವ ದಾರಿಗಳು ಕೆಲವೇ. ಸಮೀಪದ ಮಂಡ್ಯದಲ್ಲಿ ಪಿ.ಇ.ಎಸ್. ಕಾನೂನು ಕಾಲೇಜು ಇದೆ. ಮೈಸೂರಿಗೆ ಹೋದರೆ ಸುತ್ತೂರು ಮಠದ ಮಹಾವಿದ್ಯಾಪೀಠಕ್ಕೆ ಸೇರಿದ ಜೆ.ಎಸ್.ಎಸ್. ಕಾನೂನು ಕಾಲೇಜೂ ಇನ್ನು ಕೆಲವೂ ಇವೆ. ಬೆಂಗಳೂರಿಗೆ ಹೋದರೆ ಅಲ್ ಅಮೀನ್ ಸಂಸ್ಥೆಯ ಕಾಲೇಜು ಇದೆ, ಕ್ರೈಸ್ತ ಪಾದ್ರಿಗಳು ನಡೆಸುವ ಸೇಂಟ್ ಜೋಸೆಫ್ ಕಾನೂನು ಕಾಲೇಜು ಇದೆ. ಕರಾವಳಿಯ ಕಡೆ ತಿರುಗಿದರೆ ಮಂಗಳೂರಿನಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರನ ಹೆಸರನ್ನು ಹೊತ್ತ ಕಾನೂನು ಕಾಲೇಜು ೧೯೭೪ರಿಂದ ನಡೆದಿದೆ. ಇವುಗಳಲ್ಲಿ ಹಲವಕ್ಕೆ ಒಂದು ಮಠದ, ಒಂದು ಕ್ಷೇತ್ರದ ಅಥವಾ ಒಂದು ಧರ್ಮಸಮಾಜದ ಹಿನ್ನೆಲೆ ಇರುವುದನ್ನು ನೀವು ಗಮನಿಸಿರಬಹುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನ್ಯಾಯಾಲಯದ ಕಟಕಟೆಯಲ್ಲಿ ನಿಂತವನನ್ನು ನೀನು ಯಾವ ದೇವರ ಒಕ್ಕಲು ಎಂದು ಕೇಳುವುದು ನ್ಯಾಯದ ಲಕ್ಷಣವಲ್ಲ. ಹಾಗಿರುವಲ್ಲಿ, ಕಾನೂನನ್ನು ಕಲಿಸುವ ಶಾಲೆಗೆ ಒಂದು ಶ್ರದ್ಧೆಯ ಆಶ್ರಯ ಯಾತಕ್ಕೆ? ಅದರಿಂದ ವಿದ್ಯಾರ್ಥಿಗೆ ಏನಾದರೂ ದೊರೆಯುತ್ತದೆಯೆ, ಅಥವಾ ಅದು ಬಾಗಿಲ ಮೇಲಿನ ಬರೆಹ ಮಾತ್ರವೆ? ದೊರೆಯುವುದಾದರೆ ಅದರ ಫಲ ಬೆಸಗರಹಳ್ಳಿಯ ಬಡ ಕಕ್ಷಿಗಾರನವರೆಗೆ ಬಂದು ಮುಟ್ಟುತ್ತದೆಯೆ? ನಾನು ಕನ್ನಡವನ್ನು ಕಲಿಸಿ ನಿವೃತ್ತಿ ಹೊಂದಿದ ಅಧ್ಯಾಪಕ; ಕಾನೂನು ನನ್ನ ಶಾಸ್ತ್ರವಲ್ಲ. ಆದರೆ ಈ ಪ್ರಶ್ನೆ ಕಾನೂನು ಬಲ್ಲವರಿಗಷ್ಟೇ ಬಿಡತಕ್ಕದ್ದಲ್ಲ. ಜೀವಮಾನದಲ್ಲಿ ಒಮ್ಮೆಯಾದರೂ ಕಚೇರಿಯ ಮೆಟ್ಟಿಲು ಹತ್ತದ ಮನೆತನ ನಮ್ಮ ಸೀಮೆಯಲ್ಲಿ ಅಪರೂಪ.

ಸಾಹಿತ್ಯದವನಾದ್ದರಿಂದ ಒಂದು ಶಾಸನದಿಂದಲೇ ಹೊರಡುತ್ತೇನೆ. ಬೆಸಗರಹಳ್ಳಿ ಇರುವ ಮದ್ದೂರು ತಾಲ್ಲೂಕಿನಲ್ಲಿಯೇ ಆತಕೂರು ಎಂಬ ಊರಿದೆ. ಅಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. ೯೪೯-೫೦ರ ಶಿಲಾಶಾಸನ ಕನ್ನಡ ನಾಡಿನಲ್ಲೆಲ್ಲ ಪ್ರಸಿದ್ಧ. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಚೋಳರನ್ನು ತಕ್ಕೋಲದಲ್ಲಿ ಗೆದ್ದ ಸಂದರ್ಭದ ಶಾಸನ ಅದು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನು, ಬೇಕಾದುದನ್ನು ಕೇಳು ಎಂದ ಅರಸನಲ್ಲಿ ಊರು ಕೇರಿಗಳನ್ನು ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ನಾಯಿ ಒಂದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟರು.

ನಾಯಿಯ ಕಥೆ ಎಲ್ಲರ ನೆನಪಿನಲ್ಲಿ ನಿಲ್ಲುತ್ತದೆ. ಶಾಸನದ ಕೊನೆಯಲ್ಲಿರುವ ಷರತ್ತು ನಿಲ್ಲುವುದಿಲ್ಲ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂಬುದು ಅದರ ತಾತ್ಪರ್ಯ. ಇದು ಶಾಪವೆಂದು ತೋರಬಹುದು. ಕಾನೂನಿನ ಕಣ್ಣಿನಿಂದ ನೋಡಿದರೆ ಇದೊಂದು ಸ್ಪಷ್ಟವಾದ ಕರಾರು. ಭೂಮಿಯ ಅನುಭೋಗ ನಿನ್ನದು, ಆದರೆ ಆ ಅನುಭೋಗಕ್ಕೆ ಒಂದು ಕರ್ತವ್ಯ ಕಟ್ಟುಬಿದ್ದಿದೆ; ಕರ್ತವ್ಯವನ್ನು ಮೊದಲು ಮಾಡು, ಊಟ ಆಮೇಲೆ. ಪೊಲೀಸರೂ ಅಮೀನರೂ ಇಲ್ಲದ ಕಾಲದಲ್ಲಿ ಕರಾರಿನ ಕಾವಲಿಗೆ ನಿಂತದ್ದು ಶ್ರದ್ಧೆ. ಒಂದು ಸಾವಿರ ವರ್ಷಗಳ ಹಿಂದೆ ನಮ್ಮ ಸೀಮೆಯ ಜನ ದತ್ತಿಯನ್ನು ಕುರಿತು ಹೀಗೆ ಯೋಚಿಸಿದ್ದರು.

ಈಗ ವಕೀಲಿವೃತ್ತಿಯನ್ನು ನೋಡಿ. ೧೯೬೧ರ ವಕೀಲರ ಅಧಿನಿಯಮದ ಮೇರೆಗೆ ಪರರ ಪರವಾಗಿ ನ್ಯಾಯಾಲಯದಲ್ಲಿ ವೃತ್ತಿ ನಡೆಸುವ ಹಕ್ಕು ವಕೀಲರಿಗೆ ಮಾತ್ರ. ಮದ್ದೂರಿನ ರೈತ ತನ್ನ ದಾವೆಯನ್ನು ತಾನೇ ನಡೆಸಿಕೊಳ್ಳಬಹುದು. ನೆರೆಯವನ ದಾವೆಯನ್ನು ಫೀಸು ಪಡೆದು ನಡೆಸುವಂತಿಲ್ಲ. ಅಂದರೆ ಸಮಾಜವು ಒಂದು ವರ್ಗದ ಜನರಿಗೆ ಒಂದು ಹೊಲವನ್ನು ಬರೆದುಕೊಟ್ಟಿದೆ. ಬೇರೆ ಯಾರೂ ಅಲ್ಲಿ ಉಳುವಂತಿಲ್ಲ. ಇದೂ ಒಂದು ದತ್ತಿಯೇ. ಹಾಗಾದರೆ ಈ ದತ್ತಿಗೆ ಕಟ್ಟುಬಿದ್ದ ಪೂಜೆ ಯಾವುದು? ಧರ್ಮಸಂಸ್ಥೆಗಳು ನಡೆಸುವ ಕಾನೂನು ಕಾಲೇಜುಗಳು ತಮ್ಮ ವಿದ್ಯಾರ್ಥಿಗಳ ಮುಂದಿಡಬೇಕಾದ ಮೊದಲ ಪ್ರಶ್ನೆ ಇದೇ ಎಂದು ನನ್ನ ನಂಬಿಕೆ.

ಧರ್ಮ ಮತ್ತು ಕಾನೂನು ನಮ್ಮ ನಾಡಿನಲ್ಲಿ ಅಪರಿಚಿತರಲ್ಲ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ ಭಾರತದ ಬಹುಭಾಗದಲ್ಲಿ ಹಿಂದೂಗಳ ಆಸ್ತಿಪಾಲನ್ನು ಶತಮಾನಗಳ ಕಾಲ ನಿರ್ಣಯಿಸಿತು. ಇಂಗ್ಲಿಷರ ನ್ಯಾಯಾಧೀಶರೂ ಅದನ್ನೇ ಪ್ರಮಾಣವೆಂದು ಹಿಡಿದರು. ಕನ್ನಡ ನೆಲದಲ್ಲಿ ಹುಟ್ಟಿದ ಗ್ರಂಥವೊಂದು ಇಷ್ಟು ದೊಡ್ಡ ಅಧಿಕಾರ ನಡೆಸಿದ್ದು ಹೆಮ್ಮೆಯ ವಿಷಯ. ಆದರೆ ಹೆಮ್ಮೆ ಪಡುವಾಗ ಇನ್ನೊಂದು ಮುಖವನ್ನೂ ಮರೆಯಬಾರದು. ಆ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತಿತ್ತು, ಮಗಳಿಗೆ ಬರುತ್ತಿರಲಿಲ್ಲ.

ಅದನ್ನು ತಿದ್ದುವ ಕೆಲಸವೂ ಇಲ್ಲಿಯೇ ಬೇಗ ಮೊದಲಾಯಿತು ಎಂಬುದು ಅಷ್ಟೇ ಹೆಮ್ಮೆಯ ವಿಷಯ. ಮೈಸೂರು ಸಂಸ್ಥಾನ ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ತಂದು, ಪಾಲಿನ ಸಮಯದಲ್ಲಿ ಹೆಣ್ಣಿಗೂ ಕೆಲವು ಹಕ್ಕುಗಳನ್ನು ಕೊಟ್ಟಿತು. ೧೯೫೬ರಲ್ಲಿ ಕೇಂದ್ರದ ಹಿಂದೂ ಉತ್ತರಾಧಿಕಾರ ಅಧಿನಿಯಮ ಬಂತು. ೧೯೯೪ರಲ್ಲಿ ಕರ್ನಾಟಕವು ಅದಕ್ಕೆ ತಿದ್ದುಪಡಿ ಮಾಡಿ ಮಗಳನ್ನೂ ಹುಟ್ಟಿನಿಂದ ಪಾಲುದಾರಳನ್ನಾಗಿಸಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರು ಹೊರಗುಳಿದರು. ೨೦೦೫ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ೨೦೦೫ರಲ್ಲಿ ತಂದೆ ಬದುಕಿರಬೇಕಾದ ಅಗತ್ಯವೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ಸ್ಪಷ್ಟಪಡಿಸಿತು. ಧರ್ಮದ ಹೆಸರಿನಲ್ಲಿ ನಿಂತ ನಿಯಮ ಕದಲದ್ದು ಎಂದು ತಿಳಿಯುವವರು ಈ ಚರಿತ್ರೆಯನ್ನು ಒಮ್ಮೆ ಓದಬೇಕು.

ಇಷ್ಟೆಲ್ಲ ಆದ ಮೇಲೆ ಮಂಡ್ಯದ ಹಳ್ಳಿಗಳಲ್ಲಿ ನಡೆಯುವುದೇನು? ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಗದ್ದೆಗೆ ಬೆಲೆ ಬಂದಿದೆ; ಹೆದ್ದಾರಿಯ ಬದಿಯ ಹೊಲಕ್ಕೆ ಇನ್ನೂ ಹೆಚ್ಚು. ಅಣ್ಣತಮ್ಮಂದಿರು ಪಾಲಾಗುವಾಗ ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟನ್ನೋ ರುಜುವನ್ನೋ ಹಾಕಿಸಿಕೊಳ್ಳುತ್ತಾರೆ. ಆಕೆಗೆ ಕಾನೂನು ಗೊತ್ತಿಲ್ಲವೆಂದಲ್ಲ. ಎಷ್ಟೋ ಬಾರಿ ಗೊತ್ತಿರುತ್ತದೆ. ಆದರೆ ಪಾಲು ಕೇಳಿದರೆ ತವರು ತಪ್ಪೀತೆಂಬ ಭಯ. ಗೌರಿಹಬ್ಬಕ್ಕೆ ಬಾಗಿನ ಬರದೆ ಹೋದರೆ ಊರಿನಲ್ಲಿ ತಲೆ ಎತ್ತುವುದು ಹೇಗೆ? ಬಾಣಂತನಕ್ಕೆ ಮಗಳನ್ನು ಕರೆಯುವವರು ಯಾರು? ನಾಳೆ ಗಂಡ ತೀರಿಕೊಂಡರೆ ಹೋಗಿ ನಿಲ್ಲುವ ಬಾಗಿಲು ಯಾವುದು? ಒಂದು ಕಡೆ ಎಕರೆಗಟ್ಟಲೆ ಗದ್ದೆ, ಇನ್ನೊಂದು ಕಡೆ ಮರದ ಬಾಗಿನ. ತಕ್ಕಡಿಯಲ್ಲಿ ಬಾಗಿನವೇ ತೂಗುತ್ತದೆ.

ಕಾನೂನಿನ ಪದವೀಧರ ಇಲ್ಲಿ ಏನು ಮಾಡಬೇಕು? ಕಲಮನ್ನಷ್ಟೇ ಬಲ್ಲವನು, ಪಾಲು ನಿಮ್ಮ ಹಕ್ಕು, ದಾವೆ ಹಾಕಿ ಎಂದು ವಕಾಲತ್ತಿಗೆ ರುಜು ಮಾಡಿಸಿಕೊಳ್ಳುತ್ತಾನೆ. ಲೋಕರೂಢಿಯನ್ನಷ್ಟೇ ಬಲ್ಲವನು, ಹೋಗಲಿ ಬಿಡಮ್ಮ, ಅಣ್ಣತಮ್ಮಂದಿರ ಮನಸ್ಸು ಯಾಕೆ ಕೆಡಿಸುತ್ತೀಯೆ ಎನ್ನುತ್ತಾನೆ. ಇಬ್ಬರೂ ಆಕೆಯ ಮಾತನ್ನು ಪೂರ್ತಿ ಕೇಳಿದವರಲ್ಲ. ನಿಜವಾಗಿ ಕಲಿತವನು ಆಕೆಯನ್ನು ಕೂರಿಸಿ, ನಿನ್ನ ಪಾಲು ಇಷ್ಟು, ನೀನು ರುಜು ಹಾಕುವ ಪತ್ರದ ಅರ್ಥ ಇದು, ನೋಂದಣಿಯಾದ ಮೇಲೆ ಅದನ್ನು ರದ್ದು ಮಾಡಿಸುವುದು ಬಲು ಕಷ್ಟ ಎಂದು ಕನ್ನಡದಲ್ಲಿ ತಿಳಿಸಿ ಹೇಳುತ್ತಾನೆ. ಆಮೇಲೆ ಅಣ್ಣತಮ್ಮಂದಿರನ್ನೂ ಕರೆಸಿ ಮಾತನಾಡುತ್ತಾನೆ. ತಂಗಿಗೆ ಪಾಲು ಕೊಟ್ಟರೆ ತವರು ಮುರಿಯುವುದಿಲ್ಲ, ಕೊಡದೆ ವಂಚಿಸಿದರೆ ಮುರಿಯುತ್ತದೆ ಎಂದು ಅವರಿಗೆ ಮನಗಾಣಿಸಲು ಕಾನೂನಿನ ಪುಸ್ತಕವೊಂದೇ ಸಾಲದು. ಅದಕ್ಕೆ ಧರ್ಮದ ಮಾತು ಬೇಕು. ಆ ಮಾತನ್ನಾಡುವವನ ನಡತೆಯ ಬೆಂಬಲವೂ ಬೇಕು. ಧರ್ಮಸಂಸ್ಥೆಯ ಕಾಲೇಜು ಬೇರೆ ಕಾಲೇಜಿಗಿಂತ ಹೆಚ್ಚಾಗಿ ಏನನ್ನಾದರೂ ಕೊಡಬಲ್ಲುದಾದರೆ ಇದನ್ನೇ.

ನಮ್ಮ ಮಠಗಳು ಶಿಕ್ಷಣಕ್ಕೆ ಕೈಹಾಕಿದ ರೀತಿಯನ್ನು ನೋಡಿದರೆ ಒಂದು ಕ್ರಮ ಕಾಣುತ್ತದೆ. ಮೊದಲು ಅನ್ನ, ಆಶ್ರಯ. ಹಳ್ಳಿಯ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ. ಆಮೇಲೆ ಅಕ್ಷರ, ಶಾಲೆ, ಪ್ರೌಢಶಾಲೆ, ಕಾಲೇಜು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮಹಾವಿದ್ಯಾಪೀಠವನ್ನು ೧೯೫೪ರಲ್ಲಿ ಕಟ್ಟಿದರು. ಅದರ ಕಾನೂನು ಕಾಲೇಜು ಮೈಸೂರಿನಲ್ಲಿ ಆರಂಭವಾದದ್ದು ೧೯೮೨ರಲ್ಲಿ. ಅಲ್ ಅಮೀನ್ ಸಂಸ್ಥೆಯನ್ನು ಡಾ. ಮುಮ್ತಾಜ್ ಅಹಮದ್ ಖಾನರು ೧೯೬೬ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದರು. ಅಲ್ ಅಮೀನ್ ಎಂದರೆ ನಂಬಿಕಸ್ಥನೆಂದು ಅರ್ಥ. ಅದು ಪ್ರವಾದಿ ಮಹಮ್ಮದರಿಗೆ ಮಕ್ಕಾದ ಜನ ಕೊಟ್ಟ ಹೆಸರು. ಪರರ ಹಣವನ್ನೂ ಪರರ ಗುಟ್ಟನ್ನೂ ಕಾಯಬೇಕಾದ ವಕೀಲನಿಗೆ ಇದಕ್ಕಿಂತ ಒಳ್ಳೆಯ ಬಿರುದು ಬೇರೆ ಬೇಕೆ?

ಶರಣರು ಕಾಯಕ ದಾಸೋಹಗಳೆಂದು ಕರೆದುದನ್ನು ಈ ನೆಲೆಯಿಂದ ನೋಡಬೇಕು. ದಾಸೋಹ ಭಿಕ್ಷೆಯಲ್ಲ. ನೀಡುವವನು ತಾನು ದಾಸನೆಂಬ ಭಾವದಿಂದ ನೀಡುವುದು ಅದು. ಉಣ್ಣುವವನು ಅದರಿಂದ ಚಿಕ್ಕವನಾಗುವುದಿಲ್ಲ. ಅನ್ನದಾಸೋಹವಾಯಿತು, ಅಕ್ಷರದಾಸೋಹವಾಯಿತು, ಮೂರನೆಯದಾಗಿ ನ್ಯಾಯದಾಸೋಹವೂ ಆಗಬೇಕು. ಉಚಿತ ಕಾನೂನು ನೆರವು ಬಡವನಿಗೆ ಮಾಡುವ ಉಪಕಾರವಲ್ಲವೆಂದು ಸಂವಿಧಾನವೂ ಹೇಳುತ್ತದೆ. ೧೯೭೬ರ ನಲವತ್ತೆರಡನೆಯ ತಿದ್ದುಪಡಿಯಿಂದ ಬಂದ ೩೯-ಎ ಅನುಚ್ಛೇದವು ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪಬಾರದೆಂಬ ಹೊಣೆಯನ್ನು ರಾಜ್ಯಕ್ಕೆ ಹೊರಿಸಿತು. ಅದನ್ನು ಕಾರ್ಯಗತಗೊಳಿಸಲು ೧೯೮೭ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವಾಗಿ, ೧೯೯೫ರ ನವೆಂಬರ್ ೯ರಿಂದ ಜಾರಿಗೆ ಬಂತು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯವನ್ನು ಕೇಳದೆಯೇ ಉಚಿತ ವಕೀಲರ ಸೇವೆ ದೊರೆಯಬೇಕೆಂದು ಅದು ವಿಧಿಸುತ್ತದೆ. ನಾನು ಮೇಲೆ ಹೇಳಿದ ತಂಗಿ ಶ್ರೀಮಂತರ ಮನೆಗೆ ಸೇರಿದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ಆಕೆಗೆ ತೆರೆದಿದೆ. ಇದನ್ನು ಆಕೆಗೆ ಹೇಳುವವರು ಬೇಕು.

ಇಲ್ಲಿ ಬೆಸಗರಹಳ್ಳಿಯ ಹೆಸರನ್ನು ಕನ್ನಡಿಗರ ಮನೆಮನೆಗೆ ಮುಟ್ಟಿಸಿದ ಒಬ್ಬರನ್ನು ನೆನೆಯಬೇಕು. ಡಾ. ಬೆಸಗರಹಳ್ಳಿ ರಾಮಣ್ಣನವರು (೧೯೩೮-೧೯೯೮) ವೃತ್ತಿಯಿಂದ ವೈದ್ಯರು, ಪ್ರವೃತ್ತಿಯಿಂದ ಕಥೆಗಾರರು. ಆಸ್ಪತ್ರೆಗೆ ಬಂದ ಬಡ ಒಕ್ಕಲು ಮಕ್ಕಳ ಪಾಡನ್ನು ಕಣ್ಣಾರೆ ಕಂಡದ್ದು ಅವರ ‘ಗಾಂಧಿ’ಯಂಥ ಕಥೆಗಳಿಗೆ ಜೀವ ಕೊಟ್ಟಿತು. ವೈದ್ಯವಿದ್ಯೆಯಲ್ಲಿ ಒಂದು ಕಟ್ಟುಪಾಡು ಇದೆ. ಎಷ್ಟು ಪುಸ್ತಕ ಓದಿದರೂ, ಎಷ್ಟು ಅಂಕ ತೆಗೆದರೂ, ಒಂದು ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ದುಡಿಯದೆ ವೈದ್ಯನಾಗಿ ನೋಂದಣಿಯಾಗುವಂತಿಲ್ಲ. ಆ ವರ್ಷದಲ್ಲಿ ಅವನು ಕಲಿಯುವುದು ಔಷಧವನ್ನಷ್ಟೇ ಅಲ್ಲ, ನೋವಿನ ಮುಖವನ್ನು. ರೋಗಿ ಸುಳ್ಳು ಹೇಳುವುದು ಯಾತಕ್ಕೆ, ಮಾತ್ರೆ ನುಂಗದೆ ಬಿಡುವುದು ಯಾತಕ್ಕೆ, ಕೊನೆಯ ಗಳಿಗೆಯವರೆಗೆ ಆಸ್ಪತ್ರೆಗೆ ಬಾರದಿರುವುದು ಯಾತಕ್ಕೆ ಎಂಬುದು ಪುಸ್ತಕದಲ್ಲಿ ಸಿಕ್ಕುವುದಿಲ್ಲ.

ಕಾನೂನಿನ ವಿದ್ಯಾರ್ಥಿ ಬಹುಕಾಲ ಕಕ್ಷಿಗಾರನ ಮುಖ ನೋಡದೆಯೇ ಪದವೀಧರನಾಗುತ್ತಿದ್ದ. ಭಾರತೀಯ ವಕೀಲರ ಪರಿಷತ್ತು ೧೯೯೭ರಲ್ಲಿ ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು ಕಡ್ಡಾಯ ಮಾಡಿತು. ೨೦೦೮ರ ನಿಯಮಗಳಲ್ಲಿ ಪ್ರತಿ ಕಾಲೇಜೂ ಒಂದು ಕಾನೂನು ನೆರವು ಕೇಂದ್ರವನ್ನು ನಡೆಸಬೇಕೆಂದೂ, ಮೂರು ವರ್ಷದ ವ್ಯಾಸಂಗದವರು ಕನಿಷ್ಠ ೧೨ ವಾರ, ಐದು ವರ್ಷದವರು ಕನಿಷ್ಠ ೨೦ ವಾರ ಪ್ರಾಯೋಗಿಕ ತರಬೇತಿ ಪಡೆಯಬೇಕೆಂದೂ ಗೊತ್ತುಪಡಿಸಿತು. ನಿಯಮವೇನೋ ಒಳ್ಳೆಯದು. ಆದರೆ ನಿಯಮವನ್ನು ತುಂಬುವ ಬಗೆ ಎರಡು. ವರ್ಷಕ್ಕೊಮ್ಮೆ ಯಾವುದೋ ಹಳ್ಳಿಗೆ ಬಸ್ಸಿನಲ್ಲಿ ಹೋಗಿ, ಶಾಲೆಯ ಜಗಲಿಯ ಮೇಲೆ ಬಟ್ಟೆಯ ಫಲಕ ಕಟ್ಟಿ, ಕಾನೂನು ಅರಿವು ಎಂದು ಒಂದು ಗಂಟೆ ಭಾಷಣ ಮಾಡಿ, ಭಾವಚಿತ್ರ ತೆಗೆಸಿಕೊಂಡು ಹಿಂದಿರುಗುವುದು ಒಂದು ಬಗೆ. ವಾರದ ಒಂದು ಗೊತ್ತಾದ ದಿನ, ಸಂತೆಯ ದಿನವಾದರೆ ಇನ್ನೂ ಒಳ್ಳೆಯದು, ಅದೇ ಜಾಗದಲ್ಲಿ, ಮಳೆ ಬರಲಿ ಬಿಸಿಲಿರಲಿ, ಇಬ್ಬರು ವಿದ್ಯಾರ್ಥಿಗಳೂ ಒಬ್ಬ ಅಧ್ಯಾಪಕರೂ ಕುಳಿತು ಬಂದವರ ಪಹಣಿ, ಖಾತೆ, ಪೋಡಿ, ಪಿಂಚಣಿ, ಜೀವನಾಂಶದ ತೊಡಕುಗಳನ್ನು ಕೇಳಿ ಬರೆದುಕೊಂಡು, ಮುಂದಿನ ವಾರ ಉತ್ತರದೊಡನೆ ಬರುವುದು ಇನ್ನೊಂದು ಬಗೆ. ಮೊದಲನೆಯದು ಪ್ರದರ್ಶನ, ಎರಡನೆಯದು ವ್ರತ. ವ್ರತ ಹಿಡಿಯುವುದನ್ನು ಮಠಮಂದಿರಗಳಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದಲೇ ಅವರಿಂದ ನಾವು ಇದನ್ನು ನಿರೀಕ್ಷಿಸುತ್ತೇವೆ.

ನ್ಯಾಯತೀರ್ಮಾನದ ಕೆಲಸವೂ ಧರ್ಮಪೀಠಗಳಿಗೆ ಹೊಸದಲ್ಲ. ‘ಮಾತು ಬಿಡ ಮಂಜುನಾಥ, ಕಾಸು ಬಿಡ ತಿಮ್ಮಪ್ಪ’ ಎಂಬ ಗಾದೆಯನ್ನು ಕೇಳದವರಿಲ್ಲ. ಕೊಟ್ಟ ಮಾತಿಗೆ ತಪ್ಪಲಾರೆವೆಂಬ ಭಯಭಕ್ತಿಯಿಂದ ಎಷ್ಟೋ ವ್ಯಾಜ್ಯಗಳು ಕಚೇರಿಗೆ ಹೋಗದೆ ಮುಗಿದಿವೆ. ಸಿರಿಗೆರೆಯ ತರಳಬಾಳು ಮಠದಲ್ಲಿ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳು ಸೋಮವಾರಗಳಂದು ನಡೆಸುತ್ತ ಬಂದ ಸದ್ಧರ್ಮ ನ್ಯಾಯಪೀಠಕ್ಕೆ ಆಸ್ತಿಯ ಜಗಳ, ಗಂಡಹೆಂಡಿರ ಮನಸ್ತಾಪಗಳನ್ನು ಹೊತ್ತು ದೂರದ ಹಳ್ಳಿಗಳಿಂದ ಜನ ಬರುತ್ತಾರೆ. ವರ್ಷಗಟ್ಟಲೆ ಅಲೆದಾಟ, ಖರ್ಚು ಉಳಿಯುತ್ತದೆ. ಇಬ್ಬರೂ ತಮ್ಮ ಮಾತಿನಲ್ಲಿಯೇ ತಮ್ಮ ಕಷ್ಟ ಹೇಳಿಕೊಳ್ಳಬಹುದು. ಇದರ ಗುಣವನ್ನು ಅಲ್ಲಗಳೆಯಲಾಗದು.

ಹಾಗೆಂದು ಇದರ ಎಲ್ಲೆಯನ್ನು ಮರೆಯುವುದೂ ತರವಲ್ಲ. ಪೂಜ್ಯರ ಮುಂದೆ ಕೈಮುಗಿದು ನಿಂತವಳು, ತೀರ್ಮಾನ ತನಗೆ ಒಪ್ಪಿಗೆಯಿಲ್ಲವೆಂದು ಹೇಳಬಲ್ಲಳೆ? ಬಲವಿದ್ದವನ ಒಪ್ಪಿಗೆಯೂ ಬಲವಿಲ್ಲದವಳ ಒಪ್ಪಿಗೆಯೂ ಒಂದೇ ಅಲ್ಲ. ಇನ್ನು ಊರಿನ ಕಟ್ಟೆಯ ಪಂಚಾಯಿತಿ ದಂಡ ಬಹಿಷ್ಕಾರಗಳಿಗೆ ಇಳಿದರಂತೂ ಅದು ನ್ಯಾಯವೇ ಅಲ್ಲ, ಅಪರಾಧ. ರಾಜಿಯೆಂಬುದು ಹಕ್ಕನ್ನು ತಿಳಿದು ಮಾಡಿಕೊಳ್ಳುವ ಹೊಂದಾಣಿಕೆಯೇ ಹೊರತು, ತಿಳಿಯದೆ ಬಿಟ್ಟುಕೊಡುವ ಶರಣಾಗತಿಯಲ್ಲ. ಧರ್ಮಪೀಠದ ಪಕ್ಕದಲ್ಲಿ ಅದೇ ಸಂಸ್ಥೆಯ ಕಾನೂನು ಕಾಲೇಜು ಇದ್ದರೆ ಅದರ ಉಪಯೋಗ ಇಲ್ಲಿಯೇ: ತೀರ್ಮಾನಕ್ಕೆ ಕೂರುವ ಮೊದಲು ಬಲಹೀನರ ಕಡೆಯವರಿಗೆ ಅವರ ಹಕ್ಕೇನೆಂದು ಹೇಳಿಕೊಡುವ ಒಬ್ಬ ವಿದ್ಯಾರ್ಥಿ ಅಲ್ಲಿರಬೇಕು. ಆಗ ಶ್ರದ್ಧೆ ಮತ್ತು ಕಾನೂನು ಒಂದನ್ನೊಂದು ತಿದ್ದುತ್ತವೆ.

ಸೆರೆಮನೆಯ ಕಡೆಗೂ ಒಮ್ಮೆ ನೋಡೋಣ. ನಮ್ಮ ಜನಪದರ ಗೋವಿನ ಕಥೆ ನಿಮಗೆಲ್ಲ ಗೊತ್ತು. ಪುಣ್ಯಕೋಟಿ ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಹುಲಿಯನ್ನು ಬೇಡಿತು. ಕಾನೂನಿನ ಮಾತಿನಲ್ಲಿ ಹೇಳುವುದಾದರೆ ಹುಲಿ ಕೊಟ್ಟದ್ದು ಜಾಮೀನುದಾರನಿಲ್ಲದ ಬಿಡುಗಡೆ. ಬರಿಯ ಸ್ವಂತ ಮುಚ್ಚಳಿಕೆಯ ಮೇಲೆ. ಹಸು ಗಡುವಿಗೆ ಸರಿಯಾಗಿ ಹಾಜರಾಯಿತು. ಕಾಡಿನ ಹುಲಿಗೆ ಬಂದ ಈ ಬುದ್ಧಿ ನಾಡಿನ ಕಚೇರಿಗೆ ಬರಲು ಬಹಳ ಕಾಲ ಹಿಡಿಯಿತು. ಮಧ್ಯಪ್ರದೇಶದ ಮೋತಿರಾಮನೆಂಬ ಗಾರೆಕೆಲಸದವನಿಗೆ ಸರ್ವೋಚ್ಚ ನ್ಯಾಯಾಲಯ ಜಾಮೀನು ಕೊಟ್ಟ ಮೇಲೂ, ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಭದ್ರತೆ ಕೇಳಿದರು. ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಆ ಭದ್ರತೆಯನ್ನೂ ಒಪ್ಪಲಿಲ್ಲ. ೧೯೭೮ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ಕ್ರಮವನ್ನು ತಳ್ಳಿಹಾಕಿ ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಮರುವರ್ಷ, ೧೯೭೯ರಲ್ಲಿ, ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಸ್ಥಿತಿ ಹುಸೇನಾರಾ ಖಾತೂನ್ ಪ್ರಕರಣದಿಂದ ದೇಶಕ್ಕೆ ತಿಳಿಯಿತು. ಬಡವನಿಗೆ ವಾರದೊಳಗೆ ಜಾಮೀನುದಾರ ಸಿಕ್ಕದಿದ್ದರೆ, ಜಾಮೀನಿಗೆ ಅರ್ಹವಾದ ಅಪರಾಧಗಳಲ್ಲಿ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ೨೦೦೫ರ ತಿದ್ದುಪಡಿ ಹೇಳಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಆ ರಕ್ಷಣೆ ಉಳಿದಿದೆ. ಆದರೂ ಹೊರಗೆ ಅರ್ಜಿ ಬರೆಯುವವರಿಲ್ಲದೆ ಒಳಗೇ ಉಳಿದವರು ಇದ್ದಾರೆ. ಸೆರೆಯಲ್ಲಿದ್ದವನನ್ನು ಕಂಡು ಬರುವುದನ್ನು ಕ್ರೈಸ್ತಧರ್ಮ ಪುಣ್ಯಕಾರ್ಯಗಳಲ್ಲಿ ಒಂದೆಂದು ಎಣಿಸುತ್ತದೆ. ಒಂದು ಕಾಲೇಜಿನ ವಿದ್ಯಾರ್ಥಿಗಳು ಒಂದು ಜಿಲ್ಲೆಯ ಸೆರೆಮನೆಯ ಹೊಣೆ ಹೊತ್ತರೆ ಎಷ್ಟು ಮನೆಗಳ ದೀಪ ಮತ್ತೆ ಹತ್ತೀತು!

ಇಷ್ಟು ಹೇಳಿದ ಮೇಲೆ ಅಪಾಯಗಳನ್ನೂ ಹೇಳದಿದ್ದರೆ ಮಾತು ಅರೆಯಾಗುತ್ತದೆ. ಮೊದಲನೆಯದು, ಧರ್ಮ ಜಾರಿ ಜಾತಿಯಾಗುವ ಅಪಾಯ. ಸಂಸ್ಥೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ನೆರವು ಪಡೆಯುವವರೂ ಎಲ್ಲ ಒಂದೇ ಗುಂಪಿನವರಾದರೆ ಅಲ್ಲಿ ನಡೆಯುವುದು ಸೇವೆಯಲ್ಲ, ಬಳಗದ ಕೆಲಸ. ಗಾಂಧೀಜಿ ದಕ್ಷಿಣ ಆಫ್ರಿಕೆಗೆ ಹೋದದ್ದು ದಾದಾ ಅಬ್ದುಲ್ಲಾ ಎಂಬ ಮುಸಲ್ಮಾನ ವರ್ತಕನ ಮೊಕದ್ದಮೆಗಾಗಿ. ಎದುರಾಳಿ ತಯಬ್ ಸೇಠನೂ ಅವನ ನೆಂಟನೇ. ಗಾಂಧೀಜಿ ಇಬ್ಬರನ್ನೂ ಪಂಚಾಯ್ತಿಗೆ ಒಪ್ಪಿಸಿದರು. ತಮ್ಮ ಕಕ್ಷಿಗಾರ ಗೆದ್ದಾಗ, ಸೋತವನು ದಿವಾಳಿಯಾಗದಂತೆ ಹಣವನ್ನು ಕಂತುಗಳಲ್ಲಿ ಪಡೆಯಲು ಗೆದ್ದವನನ್ನು ಒಪ್ಪಿಸಿದರು. ತಮ್ಮ ಮತದಲ್ಲಿ ಅಚಲ ಶ್ರದ್ಧೆಯಿದ್ದ ಆ ವಕೀಲರಿಗೆ ಕಕ್ಷಿಗಾರನ ಮತ ಅಡ್ಡ ಬರಲಿಲ್ಲ. ಗೆದ್ದ ಮೇಲೆ ಎದುರಾಳಿಯ ಹಿತವೂ ಮರೆಯಲಿಲ್ಲ. ಶ್ರದ್ಧೆಯುಳ್ಳ ವಕೀಲನ ಮಾದರಿ ಇದು.

ಎರಡನೆಯ ಅಪಾಯ ಹಣದ್ದು. ದೇವರ ಹೆಸರಿನ ಕಾಲೇಜಿನ ಶುಲ್ಕ ಬೆಸಗರಹಳ್ಳಿಯ ಕೂಲಿಯವನ ಮಗಳಿಗೆ ಎಟುಕದಿದ್ದರೆ ಆ ಹೆಸರಿಗೆ ಅರ್ಥವಿಲ್ಲ. ಸಾಲ ಮಾಡಿ ಓದಿದ ವಕೀಲ ಮೊದಲ ದಿನದಿಂದಲೇ ಸಾಲ ತೀರಿಸಲು ದುಡಿಯಬೇಕಾಗುತ್ತದೆ. ಅವನಿಂದ ಸೇವೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಮೂರನೆಯ ಅಪಾಯ ಸೂಕ್ಷ್ಮವಾದದ್ದು. ಧರ್ಮಸಂಸ್ಥೆ ಶಿಸ್ತನ್ನು ಕಲಿಸುತ್ತದೆ; ಶಿಸ್ತು ವಿಧೇಯತೆಯಾಗಿ, ವಿಧೇಯತೆ ಪ್ರಶ್ನೆ ಕೇಳದ ಮೌನವಾಗಿ ಇಳಿಯಬಹುದು. ಪ್ರಶ್ನೆ ಕೇಳದವನು ವಕೀಲನಾಗಲಾರ. ಇದಕ್ಕೂ ನಿದರ್ಶನ ನಮ್ಮ ಮದ್ದೂರಿನಲ್ಲಿಯೇ ಇದೆ. ೧೯೩೮ರ ಏಪ್ರಿಲಿನಲ್ಲಿ ಶಿವಪುರದ ಬಯಲಿನಲ್ಲಿ ರಾಷ್ಟ್ರಧ್ವಜವನ್ನೆತ್ತಲು ಪ್ರತಿಬಂಧಕಾಜ್ಞೆಯಿದ್ದಾಗ, ಅದನ್ನು ಮೀರಿ ಸೆರೆಗೆ ನಡೆದವರ ಮುಂಚೂಣಿಯಲ್ಲಿ ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರಂಥ ವಕೀಲರಿದ್ದರು. ಕಾನೂನನ್ನು ಬಲ್ಲವರೇ ಅನ್ಯಾಯದ ಆಜ್ಞೆಯನ್ನು ಗುರುತಿಸಿ, ಅದನ್ನು ಬಹಿರಂಗವಾಗಿ ಮುರಿದು, ಶಿಕ್ಷೆಯನ್ನೂ ತಲೆಬಾಗಿ ಪಡೆದರು. ಆತ್ಮಸಾಕ್ಷಿಯೆಂದರೆ ಏನೆಂಬುದಕ್ಕೆ ಕಾಲೇಜಿನಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ.

ಹಾಗಾದರೆ ಒಂದು ಧರ್ಮಸಂಸ್ಥೆಯ ಕಾನೂನು ಕಾಲೇಜು ಹೆಸರಿಗೆ ತಕ್ಕಂತಿದೆಯೆ ಎಂದು ತಿಳಿಯುವುದು ಹೇಗೆ? ಅಲ್ಲಿ ಬೆಳಗ್ಗೆ ಪ್ರಾರ್ಥನೆಯಾಗುತ್ತದೆಯೆ, ಗೋಡೆಯ ಮೇಲೆ ಸುಭಾಷಿತವಿದೆಯೆ ಎಂದು ನೋಡಬೇಕಾಗಿಲ್ಲ. ಅದರ ಕಾನೂನು ನೆರವು ಕೇಂದ್ರದ ದಿನಚರಿ ಪುಸ್ತಕವನ್ನು ಬಿಡಿಸಿ ನೋಡಿದರೆ ಸಾಕು. ಬಂದವರು ಎಷ್ಟು ಮಂದಿ, ಯಾವ ಯಾವ ಮತದವರು, ಎಷ್ಟು ಹೆಂಗಸರು. ಬಂದವರ ಕೆಲಸ ಎಲ್ಲಿಯವರೆಗೆ ಮುಟ್ಟಿತು. ಅದೇ ವಿದ್ಯಾರ್ಥಿ ಎರಡನೆಯ ಬಾರಿಯೂ ಅದೇ ಕಕ್ಷಿಗಾರನನ್ನು ಕಂಡನೆ? ದೇವರ ಹೆಸರನ್ನು ಒಮ್ಮೆಯೂ ಎತ್ತದ ಸಾರ್ವಜನಿಕ ಕಾಲೇಜು ಈ ಪರೀಕ್ಷೆಯಲ್ಲಿ ಗೆದ್ದರೆ ಧರ್ಮ ಅಲ್ಲಿದೆ. ಮಠದ ಕಾಲೇಜು ಸೋತರೆ ಇಲ್ಲಿಲ್ಲ. ಮಂಡ್ಯದ ಕಾಲೇಜಿಗೂ ಮೈಸೂರಿನ ಕಾಲೇಜಿಗೂ ಮಂಗಳೂರಿನ ಕಾಲೇಜಿಗೂ ಅಳತೆಗೋಲು ಒಂದೇ.

ಮಕ್ಕಳನ್ನು ಕಾನೂನಿಗೆ ಸೇರಿಸಲಿರುವ ತಾಯಿತಂದೆಯರೆ, ಕಾಲೇಜಿನ ಕಟ್ಟಡವನ್ನು ನೋಡುವಾಗ ಈ ಒಂದು ಮಾತನ್ನೂ ಕೇಳಿ: ನಮ್ಮ ಹುಡುಗಿಗೆ ಪದವಿ ಬರುವ ಮೊದಲು ಎಷ್ಟು ಮಂದಿ ಬಡವರ ಅರ್ಜಿಯನ್ನು ಬರೆಯುವ ಅವಕಾಶ ಸಿಕ್ಕುತ್ತದೆ? ಕಾನೂನು ಓದುತ್ತಿರುವ ತರುಣರೆ, ನೀವು ಮುಂದೆ ದೊಡ್ಡ ವಕ್ತಾರರಾಗಿ, ನ್ಯಾಯಮೂರ್ತಿಗಳಾಗಿ ಹೆಸರು ಗಳಿಸಿ. ನಿಮ್ಮ ಗಳಿಕೆಗೆ ಯಾರೂ ಅಸೂಯೆಪಡುವುದಿಲ್ಲ. ಆದರೆ ಆ ಕಪ್ಪು ನಿಲುವಂಗಿಯ ಹಿಂದೆ ಸಮಾಜ ಬರೆದುಕೊಟ್ಟ ಒಂದು ದತ್ತಿಯಿದೆ. ಆತಕೂರಿನ ಗೊರವನಿಗೆ ಹೇಳಿದ ಷರತ್ತು ನಿಮಗೂ ಅನ್ವಯಿಸುತ್ತದೆ. ನಿಮ್ಮ ಕಲ್ಲು ದೇಗುಲದ ಮುಂದಿಲ್ಲ. ಅದು ಕಚೇರಿಯ ಹೊಂಗೆಮರದ ಕೆಳಗೆ, ಮಡಿಲಲ್ಲಿ ಕಾಗದದ ಗಂಟಿಟ್ಟುಕೊಂಡು, ಯಾರನ್ನು ಕೇಳಬೇಕೆಂದು ತಿಳಿಯದೆ ಕುಳಿತಿದೆ. ಮೊದಲು ಆಕೆಯ ಮಾತನ್ನು ಕೇಳಿ. ಊಟ ಆಮೇಲೆ.



(ಆಕಾಶವಾಣಿಯ ಕೃಪೆಯಿಂದ)